ಕುದುರೆ ಫಾರ್ಮಿನಲ್ಲಿ ಮಿನಿ ಟ್ರ್ಯಾಕ್ಟರ್: ಐದು ವರ್ಷ ದುಡಿಸಿದ ಮೇಲೆ

ನಮ್ಮ ಫಾರ್ಮ್ ಇರುವುದು ಕುಣಿಗಲ್ ತಾಲ್ಲೂಕಿನಲ್ಲಿ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಸೀಮೆ ಇದು. ಲಾಳ ಹೊಡೆಸುವುದರಿಂದ ಹಿಡಿದು ಮರಿ ಬಿಡಿಸುವವರೆಗೆ ಯಾವ ಸಲಹೆ ಬೇಕೆಂದರೂ ಇಲ್ಲಿ ಕೊಡಬಲ್ಲವರು ಸಿಗುತ್ತಾರೆ. ಆದರೆ ಕುದುರೆಗಳ ನಡುವೆ ದಿನವಿಡೀ ಓಡಾಡುವ ಗಾಡಿ ಎಂಥದ್ದಿರಬೇಕು ಎಂದು ನಾನು ಕೇಳಿದಾಗ ಎಲ್ಲರೂ ಹೇಳಿದ್ದು ಎಂಜಿನ್ನಿನ ಶಕ್ತಿಯ ಲೆಕ್ಕವನ್ನು ಮಾತ್ರ. ಐದು ವರ್ಷದ ನಂತರ ನನಗೆ ಅನ್ನಿಸುತ್ತಿರುವುದು ಬೇರೆ: ಎಚ್‌ಪಿ ಕೊನೆಗೆ ನೋಡಬೇಕಾದದ್ದು. ಮೊದಲು ನೋಡಬೇಕಾದದ್ದು ಕುದುರೆಯ ಕಿವಿ, ಕಾಲು ಮತ್ತು ಲದ್ದಿ.

ಲದ್ದಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಗಾಡಿಯ ಅರ್ಧ ಆಯುಷ್ಯ ಅದನ್ನು ಹೊರುವುದರಲ್ಲೇ ಕಳೆಯುತ್ತದೆ. ಬೆಳೆದ ಕುದುರೆಯೊಂದು ದಿನಕ್ಕೆ ಸುಮಾರು 20 ಕಿಲೋ ಲದ್ದಿ ಹಾಕುತ್ತದೆ. ಒದ್ದೆಯಾದ ಹಾಸು ಹುಲ್ಲನ್ನೂ ಸೇರಿಸಿದರೆ 25ರಿಂದ 30 ಕಿಲೋ. ನಮ್ಮಲ್ಲಿ ಮರಿಗಳೂ ಸೇರಿ 22 ಕುದುರೆಗಳಿವೆ. ಹಾಗಾಗಿ ದಿನ ಬೆಳಗಾದರೆ ಅರ್ಧ ಟನ್ ಸಾಗಿಸಲೇಬೇಕು. ಹಬ್ಬ, ಮಳೆ, ಆಳು ರಜೆ ಯಾವುದೂ ಇದಕ್ಕೆ ಲೆಕ್ಕವಿಲ್ಲ.

ಮೊದಲು ನಾವು ಕೊಂಡದ್ದು ಹಳೆಯ ಮಿನಿ ಟ್ರಕ್. ಮೇವು ತರಲು ಪೇಟೆಗೂ ಹೋಗುತ್ತದೆ, ಫಾರ್ಮಿನೊಳಗೂ ಓಡುತ್ತದೆ, ಒಂದೇ ಗಾಡಿಯಲ್ಲಿ ಎಲ್ಲ ಆಗುತ್ತದೆ ಎಂಬ ಲೆಕ್ಕಾಚಾರ. ಬೇಸಿಗೆಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಅಕ್ಟೋಬರಿನ ಮಳೆಗೆ ಕೆಂಪು ಮಣ್ಣು ಬೆಣ್ಣೆಯಂತಾದಾಗ ಹಿಂದಿನ ಚಕ್ರಗಳು ಅಚ್ಚಿನವರೆಗೆ ಹೂತವು. ಅದನ್ನು ಪಕ್ಕದ ತೋಟದ ಟ್ರ್ಯಾಕ್ಟರ್ ಎಳೆದು ತೆಗೆಯಿತು. ಆದರೆ ಪ್ಯಾಡಕ್‌ನಲ್ಲಿ, ಅಂದರೆ ಕುದುರೆ ಬಿಡುವ ಬೇಲಿಯೊಳಗಿನ ಹುಲ್ಲುಬಯಲಿನಲ್ಲಿ, ಟ್ರಕ್ ಬಿಟ್ಟುಹೋದ ಗಾಲಿ ಜಾಡು ಒಣಗಿ ಕಲ್ಲಿನಂತಾಯಿತು. ಎರಡು ವಾರದ ನಂತರ ಓಡುತ್ತಿದ್ದ ಒಂದು ವರ್ಷದ ಮರಿ ಆ ಜಾಡಿನಲ್ಲಿ ಕಾಲಿಟ್ಟು ಗೊರಸಿನ ಮೇಲಿನ ಗೆಣ್ಣು ಉಳುಕಿಸಿಕೊಂಡಿತು. ಆ ತಿಂಗಳೇ ಟ್ರಕ್ ಮಾರಿದೆವು.

2020ರಲ್ಲಿ 24 ಎಚ್‌ಪಿಯ, ಮೂರು ಸಿಲಿಂಡರಿನ, ನಾಲ್ಕೂ ಚಕ್ರಕ್ಕೆ ಚಾಲನೆ ಇರುವ ಡೀಸೆಲ್ ಮಿನಿ ಟ್ರ್ಯಾಕ್ಟರ್ ಬಂತು. ದ್ರಾಕ್ಷಿ ಮತ್ತು ದಾಳಿಂಬೆ ತೋಟಗಳ ಸಾಲಿನ ನಡುವೆ ಓಡಲೆಂದು ಮಾಡಿದ ಕಿರಿದಾದ ಬಗೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಈ ವರ್ಗದಲ್ಲಿ ಹಲವು ಕಂಪನಿಗಳ ಗಾಡಿಗಳಿವೆ, ನಾನು ಹೇಳುವ ಹೆಚ್ಚಿನ ಮಾತು ಎಲ್ಲಕ್ಕೂ ಸಲ್ಲುತ್ತದೆ. ವಿದೇಶದ ಕುದುರೆ ಫಾರ್ಮ್‌ಗಳಲ್ಲಿ ಕಾಣುವಂಥ, ಪಕ್ಕಪಕ್ಕದಲ್ಲಿ ಇಬ್ಬರು ಕುಳಿತು ಹಿಂದೆ ಸಾಮಾನು ತುಂಬುವ ಯುಟಿವಿಯನ್ನೂ ನೋಡಿದ್ದೆ. ಸೊಗಸಾದ ಗಾಡಿ. ಬೇಲಿ ನೋಡಿ ಬರಲು, ಔಷಧಿ ಪೆಟ್ಟಿಗೆ ಒಯ್ಯಲು ಅದಕ್ಕಿಂತ ಹಿತವಾದದ್ದು ಇಲ್ಲ. ಆದರೆ ನನಗೆ ಹುಲ್ಲು ಕತ್ತರಿಸಬೇಕಿತ್ತು, ಕುದುರೆ ಮಸಾಲೆ ಸೊಪ್ಪಿನ (ಲೂಸರ್ನ್ ಮೇವಿನ) ಮಡಿಗೆ ಮಣ್ಣು ಪುಡಿಮಾಡುವ ರೋಟವೇಟರ್ ಹೊಡೆಯಬೇಕಿತ್ತು. ಅದಕ್ಕೆ ನಿಮಿಷಕ್ಕೆ 540 ಸುತ್ತಿನ ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ತಿರುಗುವ ದಂಡ) ಮತ್ತು ಉಪಕರಣವನ್ನು ಎತ್ತಿ ಹಿಡಿಯುವ ಹಿಂದಿನ ಮೂರು ತೋಳಿನ ಲಿಫ್ಟ್ ಬೇಕು. ಕೃಷಿ ಯಂತ್ರೀಕರಣ ಯೋಜನೆಯ ಸಹಾಯಧನ ಮಿನಿ ಟ್ರ್ಯಾಕ್ಟರಿಗೆ ಉಂಟು. ಕೊಳ್ಳುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೊಂಡ ಮೇಲೆ ಹೋದರೆ ಪ್ರಯೋಜನವಿಲ್ಲ.

ಇನ್ನು ಕಿವಿಯ ವಿಷಯ. ಕುದುರೆಗೆ ಸುತ್ತಲಿನ ಬಹುತೇಕ ಎಲ್ಲವೂ ಕಾಣುತ್ತದೆ, ಮೂಗಿನ ನೇರ ಮುಂದಿನ ಸ್ವಲ್ಪ ಜಾಗ ಮತ್ತು ಬೆನ್ನ ಹಿಂದಿನ ನೇರ ಪಟ್ಟಿ ಮಾತ್ರ ಕಾಣುವುದಿಲ್ಲ. ಬೆನ್ನ ಹಿಂದಿನಿಂದ ಬರುವುದನ್ನು ಅದು ಕಿವಿಯಿಂದಲೇ ತಿಳಿಯಬೇಕು. ಡೀಸೆಲ್ ಸದ್ದಿಗೆ ಬೆದರುತ್ತವೆ ಎಂದು ನಾವು ಮೊದಲ ಹದಿನೈದು ದಿನ ಗಾಡಿಯನ್ನು ಬೇಲಿಯ ಹೊರಗೆ ನಿಲ್ಲಿಸಿ ಎಂಜಿನ್ ಓಡಿಸಿಟ್ಟೆವು, ಅದೇ ಹೊತ್ತಿಗೆ ಒಳಗೆ ಮೇವು ಹಾಕಿದೆವು. ಮೂರನೆಯ ವಾರಕ್ಕೆ ಆ ಸದ್ದು ಮೇವಿನ ಸದ್ದಾಯಿತು. ಈಗ ದೂರದಲ್ಲಿ ಎಂಜಿನ್ ಕೇಳಿದರೆ ತಲೆಯೆತ್ತಿ ಬೇಲಿಯ ಹತ್ತಿರ ಬರುತ್ತವೆ. ಅವುಗಳನ್ನು ಕಂಗೆಡಿಸುವುದು ಎಂಜಿನ್ ಅಲ್ಲ, ಖಾಲಿ ಟ್ರೇಲರಿನ ಹಿಂಬಾಗಿಲು ಬಡಿದುಕೊಳ್ಳುವ ತಗಡಿನ ಸದ್ದು. ಹಳೆಯ ಟ್ಯೂಬ್ ಕತ್ತರಿಸಿ ಬಾಗಿಲಿನ ಅಂಚಿಗೆ ಹೊಡೆದೆವು; ಐದು ವರ್ಷದಲ್ಲಿ ಈ ಗಾಡಿಗೆ ಮಾಡಿದ ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತ ಕೆಲಸ ಅದು.

ಲಾಯದ ಓಣಿಯೊಳಗೆ ಡೀಸೆಲ್ ಗಾಡಿ ಹೋಗಕೂಡದು. ಹೊಗೆ ಮೇಲಿನ ಮಾಡಿನಡಿ ನಿಲ್ಲುತ್ತದೆ, ಕುದುರೆಯ ಶ್ವಾಸಕೋಶ ದೂಳಿಗೂ ಹೊಗೆಗೂ ಬಹಳ ಸೂಕ್ಷ್ಮ. ಅದಕ್ಕಾಗಿ ಮೂರನೆಯ ವರ್ಷದಲ್ಲಿ ಬ್ಯಾಟರಿಯ ಮೂರು ಚಕ್ರದ ಸಾಮಾನು ಗಾಡಿಯೊಂದನ್ನು ತಂದೆವು. ಸದ್ದಿಲ್ಲದ ಗಾಡಿ ಎಂದರೆ ಕುದುರೆಗೆ ಒಳ್ಳೆಯದು ಎಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಹೇಳದೆ ಕೇಳದೆ ಬೆನ್ನ ಹಿಂದೆ ಬಂದು ನಿಲ್ಲುವ ಗಾಡಿಗೆ ಗಬ್ಬದ ಕುದುರೆಗಳು ಬೆಚ್ಚಿ ಒದೆಯತೊಡಗಿದವು. ನಮ್ಮ ಹಿರಿಯ ಆಳು ಒಬ್ಬರು ಮನೆಯಿಂದ ಎತ್ತಿನ ಕೊರಳ ಗೆಜ್ಜೆಸರ ತಂದು ಅದರ ಮುಂದಿನ ಕಂಬಿಗೆ ಕಟ್ಟಿದರು. ಅಲ್ಲಿಗೆ ಒದೆ ನಿಂತಿತು. ಮೇವು, ಹಿಂಡಿ, ಓಟ್ಸ್ ಎಲ್ಲ ಈಗ ಆ ಗಾಡಿಯಲ್ಲೇ. ಲದ್ದಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಾತ್ರ. ಎರಡನ್ನೂ ಒಂದರಲ್ಲೇ ಹೊರುವ ಫಾರ್ಮ್‌ಗಳನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಲದ್ದಿಯಲ್ಲಿ ಜಂತುಹುಳುವಿನ ಮೊಟ್ಟೆಗಳಿರುತ್ತವೆ, ಮೊದಲು ನರಳುವುದು ಮರಿಗಳು.

ಟ್ರ್ಯಾಕ್ಟರಿಗಿಂತ ನನಗೆ ಹೆಚ್ಚು ಪಾಠ ಕಲಿಸಿದ್ದು ಅದರ ಟ್ರೇಲರ್. ಗಾಡಿಗೆ ಒಪ್ಪುವಂತೆ ಒಂದು ಟನ್ನಿನ, ಹೈಡ್ರಾಲಿಕ್‌ನಿಂದ ಹಿಂದಕ್ಕೆ ಸುರಿಯುವ ಟ್ರೇಲರನ್ನು ಹತ್ತಿರದ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ್ದೆ. ಕುದುರೆಯ ಮೂತ್ರ ಕಬ್ಬಿಣವನ್ನು ತಿನ್ನುವ ಬಗೆ ನೋಡಿಯೇ ನಂಬಬೇಕು. ಎರಡೂವರೆ ವರ್ಷಕ್ಕೆ ತಳದ ತಗಡು ಜರಡಿಯಾಯಿತು. ಅದು ಹಣದ ನಷ್ಟ, ಹೋಗಲಿ. ಎರಡನೆಯದು ಇಂದಿಗೂ ನೋಯಿಸುತ್ತದೆ. ಕುಲುಕಾಟಕ್ಕೆ ಸಡಿಲಾದ ಬೋಲ್ಟ್ ಒಂದು ಪ್ಯಾಡಕ್‌ನಲ್ಲಿ ಬಿದ್ದಿತ್ತು. ನಮ್ಮ ಹಳೆಯ ಹೆಣ್ಣುಕುದುರೆ ಅದನ್ನು ತುಳಿದು, ಗೊರಸಿನ ಅಡಿಭಾಗಕ್ಕೆ ಅದು ನೆಟ್ಟು, ಒಳಗೆ ಕೀವಾಯಿತು. ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಲಸಿಕೆ ಸಕಾಲಕ್ಕೆ ಹಾಕಿಸಿದ್ದರಿಂದ ಜೀವ ಉಳಿಯಿತು, ಕಾಲು ನೆಲಕ್ಕೂರಲು ಆರು ವಾರ ಹಿಡಿಯಿತು. ಅಂದಿನಿಂದ ಎರಡು ಬದಲಾವಣೆ ಮಾಡಿದ್ದೇವೆ. ಟ್ರೇಲರಿನ ಒಂದೊಂದು ನಟ್ಟೂ ತಾನಾಗಿ ಸಡಿಲಾಗದ ನೈಲಾನ್ ಲಾಕಿನ ನಟ್ಟು. ಹಿಂದಿನ ಅಚ್ಚಿನ ಕೆಳಗೆ, ನೆಲದಿಂದ ಮೂರು ಬೆರಳು ಮೇಲೆ, ಉದ್ದನೆಯ ಅಯಸ್ಕಾಂತದ ಪಟ್ಟಿ ತೂಗುತ್ತದೆ. ವಾರಕ್ಕೊಮ್ಮೆ ಅದನ್ನು ಒರೆಸುತ್ತೇವೆ. ಬೇಲಿಯ ತಂತಿ ತುಂಡು, ಲಾಳದ ಮೊಳೆ, ಎಂದೋ ಬಿದ್ದ ತುಕ್ಕಿನ ಚೂರು, ಏನಾದರೂ ಅಂಟಿಕೊಂಡೇ ಇರುತ್ತದೆ. ತಳಕ್ಕೆ ಈಗ ತಗಡಿನ ಮೇಲೆ ದಪ್ಪ ರಬ್ಬರ್ ಹಾಸು ಇದೆ, ದಿನವೂ ತೊಳೆಯುತ್ತೇವೆ.

ಪ್ಯಾಡಕ್‌ಗಳ ಮೇಲೆ ಸರಪಳಿ ಬಲೆ ಎಳೆಯುವುದು ಈ ಗಾಡಿ ಅತ್ಯಂತ ಚೆನ್ನಾಗಿ ಮಾಡುವ ಕೆಲಸ. ಲದ್ದಿಯ ಗುಪ್ಪೆಗಳು ಒಡೆದು ಹರಡುತ್ತವೆ. ಆದರೆ ಇದನ್ನು ಮಾರ್ಚ್, ಏಪ್ರಿಲ್ ತಿಂಗಳ ಬಿರುಬಿಸಿಲಿನಲ್ಲಿ, ಕುದುರೆಗಳನ್ನು ಬೇರೆಡೆಗೆ ಬಿಟ್ಟು ಮಾಡಬೇಕು; ಆಗ ಹರಡಿದ ಲದ್ದಿಯಲ್ಲಿನ ಹುಳುವಿನ ಮರಿಗಳು ಒಣಗಿ ಸಾಯುತ್ತವೆ. ಮಳೆಗಾಲದಲ್ಲಿ ಎಳೆದರೆ ಇಡೀ ಹುಲ್ಲಿಗೆ ನಾವೇ ಹುಳು ಬಿತ್ತಿದಂತೆ.

ಖರ್ಚಿನ ಮಾತು. ಮೀಟರಿನಲ್ಲಿ ಈಗ 2,600 ಗಂಟೆ. ಟ್ರೇಲರ್ ಎಳೆಯುವಾಗ ಗಂಟೆಗೆ ಎರಡು ಲೀಟರ್ ಡೀಸೆಲ್ ಸಾಕು, ರೋಟವೇಟರಿಗೆ ಮೂರರ ಮೇಲೆ. ಎಂಜಿನ್ ಆಯಿಲನ್ನು 250 ಗಂಟೆಗೊಮ್ಮೆ ತಪ್ಪದೆ ಬದಲಿಸಿದ್ದೇವೆ, ಎಂಜಿನ್ ಒಮ್ಮೆಯೂ ತೊಂದರೆ ಕೊಟ್ಟಿಲ್ಲ. ಕ್ಲಚ್ ಪ್ಲೇಟ್ 1,900 ಗಂಟೆಗೆ ಹೋಯಿತು. ಲಾಯದಿಂದ ಲಾಯಕ್ಕೆ ನಿಂತು ನಿಂತು ಸಾಗುವ ಗಾಡಿಗೆ ಅದು ಅನ್ಯಾಯವೇನಲ್ಲ. ಮುಂದಿನ ಆಕ್ಸಲ್‌ನ ಆಯಿಲ್ ಸೀಲ್ ಮಾತ್ರ ಎರಡು ಬಾರಿ ಸೋರಿತು. ಎರಡನೆಯ ಸಲ ಮೆಕ್ಯಾನಿಕ್ ಬರಲು ಹನ್ನೊಂದು ದಿನವಾಯಿತು, ಅಷ್ಟೂ ದಿನ ಲದ್ದಿಯನ್ನು ತಳ್ಳುಗಾಡಿಯಲ್ಲಿ ಹೊತ್ತೆವು. ಈಗ ಎರಡು ಸೀಲ್, ಒಂದು ಫ್ಯಾನ್ ಬೆಲ್ಟ್, ಫಿಲ್ಟರುಗಳು ಯಾವಾಗಲೂ ನಮ್ಮ ಕಪಾಟಿನಲ್ಲಿ. ನೀವು ಕೊಳ್ಳುವಾಗ ಶೋರೂಮಿನ ಹೊಳಪು ನೋಡಬೇಡಿ, ನಿಮ್ಮ ಹೋಬಳಿಯಲ್ಲಿ ಆ ಗಾಡಿ ಇಟ್ಟುಕೊಂಡ ಇಬ್ಬರು ರೈತರನ್ನು ಹುಡುಕಿ ಸೀಲ್ ಎಷ್ಟು ದಿನಕ್ಕೆ ಸಿಗುತ್ತದೆಂದು ಕೇಳಿ.

ಮಗುಚಿದರೆ ಚಾಲಕನನ್ನು ಕಾಯುವ ಕಮಾನು ಇಲ್ಲದ ಮಿನಿ ಟ್ರ್ಯಾಕ್ಟರ್ ತೆಗೆದುಕೊಳ್ಳಬೇಡಿ. ಬದುವಿನ ಅಂಚಿನಲ್ಲಿ ಕಿರಿದಾದ ಗಾಡಿ ಬೇಗ ವಾಲುತ್ತದೆ. ಪಿಟಿಒ ಶಾಫ್ಟಿನ ಮುಚ್ಚಳ ತೆಗೆಯಲು ಯಾರಿಗೂ ಬಿಡಬೇಡಿ. ಕುದುರೆಯನ್ನು ಓಡುವ ಗಾಡಿಯ ಹಿಂದೆ ಕಟ್ಟಿ ನಡೆಸುವವರಿದ್ದಾರೆ, ನಮ್ಮಲ್ಲಿ ಅದಕ್ಕೆ ಅವಕಾಶವಿಲ್ಲ.

ಐದಾರು ಕುದುರೆ ಇಟ್ಟುಕೊಂಡವರಿಗೆ ಇಷ್ಟು ಬೇಡ, ಬ್ಯಾಟರಿ ಗಾಡಿಯೊಂದೇ ಸಾಕು. ಹುಲ್ಲು ಕತ್ತರಿಸಲು ಬಾಡಿಗೆ ಟ್ರ್ಯಾಕ್ಟರ್ ಸಿಗುತ್ತದೆ. ಹದಿನೈದರ ಮೇಲಾದರೆ ಮಿನಿ ಟ್ರ್ಯಾಕ್ಟರ್ ತನ್ನ ಕೂಲಿ ತಾನೇ ದುಡಿಯುತ್ತದೆ.

ಒಂದು ಕೊರತೆ ಇನ್ನೂ ಉಳಿದಿದೆ, ಟೈರಿನದು. ಹೊಲಕ್ಕೆ ಮಾಡಿದ ಎತ್ತರದ ಗಟ್ಟುಗಳ ಟೈರ್ ತಿರುವಿನಲ್ಲಿ ಗರಿಕೆಯನ್ನು ಬೇರುಸಮೇತ ಕೀಳುತ್ತದೆ. ಹುಲ್ಲುನೆಲಕ್ಕೆಂದೇ ಮಾಡಿದ ಅಗಲವಾದ, ತಗ್ಗು ಗಟ್ಟುಗಳ ಟೈರ್ ನಮ್ಮ ಅಳತೆಗೆ ಇಲ್ಲಿಯ ಅಂಗಡಿಗಳಲ್ಲಿ ಸಿಗಲಿಲ್ಲ. ಮಳೆ ಬಂದ ಮೇಲೆ ಎರಡು ದಿನ ಪ್ಯಾಡಕ್‌ಗೆ ಗಾಡಿ ಇಳಿಸುವುದಿಲ್ಲ, ತಿರುವುಗಳಲ್ಲಿ ನಾಲ್ಕು ಚಕ್ರದ ಚಾಲನೆ ಬಿಡಿಸುತ್ತೇವೆ. ಮುಂದಿನ ಚಕ್ರಗಳ ಎರಡೂ ಟೈರ್ ಈಗ ಸವೆದಿವೆ. ಬೆಂಗಳೂರಿನ ವ್ಯಾಪಾರಿಯೊಬ್ಬರು ತರಿಸಿಕೊಡುತ್ತೇನೆ ಎಂದಿದ್ದಾರೆ. ಮುಂಗಾರಿಗೆ ಮೊದಲು ಬಂದರೆ ಹಾಕಿಸುತ್ತೇನೆ, ಇಲ್ಲವಾದರೆ ಈ ವರ್ಷವೂ ಹಳೆಯ ಬಗೆಯದೇ.