ಟಾಮಿಯಾ ಆರ್32 ಸ್ಕೈಲೈನ್ ಕಿಟ್: ರೋಡ್ ಕಾರ್ ಡಬ್ಬದಿಂದ ಗ್ರೂಪ್ ಎ ರೇಸ್ ಕಾರ್ ಮಾಡೋರಿಗೆ

ಪ್ಲಾಸ್ಟಿಕ್ ಬಿಡಿಭಾಗ ಅಂಟಿಸಿ ಮಾಡೋ ಪುಟ್ಟ ಕಾರ್ ಮಾಡೆಲ್ ಕಿಟ್‌ಗಳನ್ನ ಡಬ್ಬದ ಮೇಲಿನ ಚಿತ್ರದ ಥರಾನೇ ಜೋಡಿಸಿದ್ದು ಸಾಕು, ಈ ಸಲ ರೋಡ್ ಕಾರೊಂದನ್ನ ಬಿಚ್ಚಿ ರೇಸ್ ಕಾರ್ ಮಾಡೋಣ ಅಂತ ಆಸೆ ಆಗಿರೋರು ಯಾವ ಕಿಟ್‌ನಿಂದ ಶುರು ಮಾಡ್ಲಿ ಅಂತ ಕೇಳಿದ್ರೆ, ನಾನು ಕಣ್ಣುಮುಚ್ಚಿ ಹೇಳೋದು ಜಪಾನಿನ ಟಾಮಿಯಾ ಕಂಪನಿಯ 1/24 ಅಳತೆಯ (ನಿಜವಾದ ಕಾರಿನ 24ರಲ್ಲಿ ಒಂದು ಪಾಲು) ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಅಂದ್ರೆ ಆರ್32, ಅದೂ ರೋಡ್ ವರ್ಷನ್. ಮೂವತ್ತು ವರ್ಷಕ್ಕಿಂತ ಹಳೇ ಅಚ್ಚು, ಆದ್ರೂ ಇವತ್ತಿಗೂ ಬಾಡಿ ಬಂದು ಶಾಸಿ ಮೇಲೆ ಕೂತ್ಕೊಳ್ಳೋ ರೀತಿ ನೋಡಿದ್ರೆ ಖುಷಿ ಆಗುತ್ತೆ.

ಟಾಮಿಯಾನೇ ಕ್ಯಾಲ್ಸೋನಿಕ್ ಅನ್ನೋ ಸ್ಪಾನ್ಸರ್ ಬಣ್ಣದ ಗ್ರೂಪ್ ಎ (ಶೋರೂಮ್ ಕಾರುಗಳನ್ನೇ ಓಡಿಸೋ ರೇಸ್ ವರ್ಗ) ಸ್ಕೈಲೈನ್ ಕಿಟ್ ಮಾಡಿದೆಯಲ್ಲ, ಅದನ್ನೇ ತಗೋಬಹುದಲ್ವಾ ಅಂತ ಕೇಳ್ತೀರ. ತಗೋಬಹುದು, ಸಿಕ್ಕಾಗ. ಆದ್ರೆ ರೋಡ್ ಕಿಟ್ ತಗೊಂಡ್ರೆ ನಿಮಗಿಷ್ಟ ಬಂದ ಟೀಮ್‌ನ ಕಾರ್ ಮಾಡಬಹುದು, ಜೊತೆಗೆ ಒಂದು ಸಾಮಾನ್ಯ ಕಾರ್ ರೇಸ್ ಕಾರ್ ಆಗೋಕೆ ಏನೇನು ತೆಗೀತಾರೆ ಏನೇನು ಹಾಕ್ತಾರೆ ಅನ್ನೋದು ನಿಮ್ಮ ಕೈಗೇ ಅರ್ಥ ಆಗುತ್ತೆ, ನನಗೆ ಈ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಸುಖ ಬೇರೆ ಇಲ್ಲ.

ಇದೇ ಕಿಟ್ ಯಾಕೆ ಅಂತ ಹೇಳ್ತೀನಿ. ಆರ್32 ಜಿಟಿ-ಆರ್ ರೇಸಿಗೋಸ್ಕರಾನೇ ಹುಟ್ಟಿದ ಕಾರು. ಗ್ರೂಪ್ ಎ ರೂಲ್ಸ್‌ನಲ್ಲಿ ಬಾಡಿಯ ಆಕಾರ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋ ಹಾಗಿರ್ಲಿಲ್ಲ, ಶೋರೂಮಲ್ಲಿ ಮಾರಿದ ಕಾರ್ ಹೇಗಿತ್ತೋ ಟ್ರ್ಯಾಕ್‌ಗೂ ಹಾಗೇ ಬರಬೇಕು. ಅದಕ್ಕೆ ನಿಸ್ಸಾನ್‌ನೋರು ರೇಸಿಗೆ ಬೇಕಾದ್ದನ್ನೆಲ್ಲಾ ರೋಡ್ ಕಾರಲ್ಲೇ ಮೊದಲೇ ಇಟ್ಟುಬಿಟ್ರು. ಮಾಮೂಲಿ ಸ್ಕೈಲೈನ್ ಅಗಲ 1695 ಎಂ.ಎಂ, ಜಿಟಿ-ಆರ್ 1755, ದಪ್ಪ ಟೈರ್ ಹಿಡೀಲಿ ಅಂತ ಮಡ್‌ಗಾರ್ಡ್ ಉಬ್ಬಿಸಿದ್ದು. ಇಂಜಿನ್ ಲೆಕ್ಕ ಇನ್ನೂ ಚೆನ್ನಾಗಿದೆ: ಟರ್ಬೋ ಇರೋ ಇಂಜಿನ್‌ನ ಸಿಸಿಯನ್ನ 1.7ರಿಂದ ಗುಣಿಸಿ ಕ್ಲಾಸ್ ಕೊಡ್ತಿದ್ರು, ಈ ಕಾರಿನ ಆರ್‌ಬಿ26 ಇಂಜಿನ್ 2568 ಸಿಸಿ, ಗುಣಿಸಿದ್ರೆ 4365 ಚಿಲ್ಲರೆ, 4500ರ ಕ್ಲಾಸ್ ಒಳಗೆ ಸರಿಯಾಗಿ ಕೂತ್ಕೊಳ್ಳುತ್ತೆ. ಆಮೇಲೆ ಆಗಿದ್ದು ಗೊತ್ತಲ್ಲ, ಜಪಾನ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ನಲ್ಲಿ 1990ರಿಂದ 1993ರವರೆಗೆ ಓಡಿದ 29 ರೇಸಲ್ಲಿ 29ನ್ನೂ ಈ ಕಾರೇ ಗೆದ್ದಿದ್ದು.

ಹಾಗಾಗಿ ನಮ್ಮಂಥ ಮಾಡೆಲ್ ಮಾಡೋರಿಗೆ ದೊಡ್ಡ ಅನುಕೂಲ ಏನಪ್ಪಾ ಅಂದ್ರೆ ಬಾಡಿ ಮೇಲೆ ಕೆಲಸ ತುಂಬಾ ಕಮ್ಮಿ. ಪುಟ್ಟಿ ಹಾಕಿ ಮಡ್‌ಗಾರ್ಡ್ ಅಗಲ ಮಾಡೋದು, ಎರಡೂ ಕಡೆ ಒಂದೇ ಸಮ ಬರ್ತಿಲ್ಲ ಅಂತ ತಲೆ ಕೆಡಿಸ್ಕೊಳ್ಳೋದು, ಅದ್ಯಾವುದೂ ಇಲ್ಲ. ರೇಸಿಗೆ ಅರ್ಹತೆ ಸಿಗಲಿ ಅಂತ 1990ರಲ್ಲಿ 560 ನಿಸ್ಮೋ (ನಿಸ್ಸಾನ್‌ನ ರೇಸ್ ವಿಭಾಗ) ವರ್ಷನ್ ಕಾರ್ ಮಾಡಿದ್ರಲ್ಲ, ಅದರಲ್ಲಿದ್ದ ಬದಲಾವಣೆಗಳನ್ನ ತಂದ್ರೆ ಸಾಕು: ಮುಂದಿನ ಬಂಪರಲ್ಲಿ ಎರಡು ಎಕ್ಸ್‌ಟ್ರಾ ಗಾಳಿ ಕಿಂಡಿ, ಬಾನೆಟ್ ಅಂಚಿಗೆ ಒಂದು ಸಣ್ಣ ಲಿಪ್ (ಉಬ್ಬಿದ ತೆಳು ಪಟ್ಟಿ), ಹಿಂದೆ ರೆಕ್ಕೆ ಕೆಳಗೆ ಇನ್ನೊಂದು ಲಿಪ್, ಹಿಂದಿನ ಗ್ಲಾಸಿನ ವೈಪರ್ ಔಟ್. ಕಿಂಡಿಗೆ ಮೊದಲು ಪಿನ್ ವೈಸಲ್ಲಿ (ಕೈಯಲ್ಲಿ ತಿರುಗಿಸೋ ಪುಟ್ಟ ಡ್ರಿಲ್) ಒಂದು ಎಂ.ಎಂ ಬಿಟ್ ಹಾಕಿ ಸಾಲಾಗಿ ತೂತು ಹೊಡೆದು, ತೂತುಗಳನ್ನ ಬ್ಲೇಡಲ್ಲಿ ಸೇರಿಸಿ, ಕೊನೆಗೆ ಸಣ್ಣ ಅರದಲ್ಲಿ ಅಂಚು ಸರಿ ಮಾಡಿ. ಟಾಮಿಯಾ ಪ್ಲಾಸ್ಟಿಕ್ ಇಲ್ಲಿ ನಿಜವಾಗ್ಲೂ ಮೆಚ್ಚಬೇಕಾದ್ದು, ಗರಿಗರಿ ಮುರಿಯಲ್ಲ, ಬ್ಲೇಡ್ ಹೋದ ಕಡೆ ನೀಟಾಗಿ ಕುಯ್ಯುತ್ತೆ.

ಇನ್ನು ಒಳಗಡೆ. ನಿಜವಾದ ಕಷ್ಟ, ನಿಜವಾದ ಮಜಾ ಎರಡೂ ಇರೋದು ಇಲ್ಲೇ. ಗ್ರೂಪ್ ಎ ರೇಸ್ ಕಾರಲ್ಲೂ ಡ್ಯಾಶ್‌ಬೋರ್ಡ್ ರೋಡ್ ಕಾರಿಂದೇ ಇರುತ್ತೆ, ಅದಕ್ಕೆ ಕಿಟ್‌ನ ಡ್ಯಾಶ್‌ಬೋರ್ಡ್ ಮುಟ್ಟೋದೇ ಬೇಡ. ಹಿಂದಿನ ಸೀಟ್ ಜಾಗಕ್ಕೆ ಅರ್ಧ ಎಂ.ಎಂ ಪ್ಲಾಸ್ಟಿಕ್ ಶೀಟ್ ಕತ್ತರಿಸಿ ಕೂರಿಸಿ, ಪಕ್ಕದ ಸೀಟ್ ತೆಗೆದುಬಿಡಿ, ಡ್ರೈವರ್‌ಗೆ ಒಂದೇ ಒಂದು ಬಕೆಟ್ ಸೀಟು. ಸೀಟ್ ಬೆಲ್ಟ್‌ಗೆ ದುಡ್ಡು ಕೊಡ್ಲೇಬೇಕು ಅಂತಿಲ್ಲ, ರೇಸ್ ಬೆಲ್ಟ್ ಮೂರಿಂಚು ಅಗಲ ಅಂದ್ರೆ ನಮ್ಮ ಅಳತೆಗೆ ಮೂರು ಎಂ.ಎಂ ಸ್ವಲ್ಪ ಮೇಲೆ, ಮಾಸ್ಕಿಂಗ್ ಟೇಪ್ ಸ್ಟೀಲ್ ಸ್ಕೇಲ್ ಇಟ್ಟು ಕುಯ್ದು ಬಣ್ಣ ಬಳಿದ್ರೆ ಬಟ್ಟೆ ಥರಾನೇ ಮಡಚ್ಕೊಳ್ಳುತ್ತೆ.

ರೋಲ್ ಕೇಜ್, ಅಂದ್ರೆ ಕಾರ್ ಪಲ್ಟಿಯಾದ್ರೆ ಡ್ರೈವರ್‌ನ ಕಾಪಾಡೋ ಒಳಗಿನ ಪೈಪ್ ಚೌಕಟ್ಟಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ರೇಸ್ ಕಾರ್ ಅನ್ನೋ ಕಳೆ ಬರೋದು ಅದರಿಂದಾನೇ. ನಿಜವಾದ ಕೇಜ್ ಪೈಪು ಹೆಚ್ಚುಕಮ್ಮಿ 38ರಿಂದ 40 ಎಂ.ಎಂ ದಪ್ಪ, 24ರಿಂದ ಭಾಗಿಸಿದ್ರೆ 1.6 ಎಂ.ಎಂ ಆಸುಪಾಸು. ಎವರ್‌ಗ್ರೀನ್ ಕಂಪನಿಯ ಪ್ಲಾಸ್ಟಿಕ್ ರಾಡ್ ಈ ಸೈಜಲ್ಲಿ ಸಿಗುತ್ತೆ, ತುಂಬಾ ಒಳ್ಳೇದು, ಆದ್ರೆ ನಮ್ಮಲ್ಲಿ ಎಲ್ಲಾ ಕಡೆ ಸಿಗಲ್ಲ, ಸಿಕ್ಕಿದ್ರೂ ರೇಟು ಜಾಸ್ತಿ. ಬೆಂಗಳೂರಲ್ಲಿರೋರಿಗೆ ಒಂದು ದಾರಿ ಇದೆ, ಎಸ್‌ಪಿ ರೋಡಿಗೆ ಹೋಗಿ 16 ಗೇಜ್ ಸೋಲ್ಡರ್ ವೈರ್ ಕೇಳಿ, ಅದು 1.63 ಎಂ.ಎಂ, ಅಳತೆ ಮಾಡಿಸಿದ ಹಾಗೇ ಕೂರುತ್ತೆ. ಸುರುಳಿ ಬಿಚ್ಚಿದ ವೈರ್ ಡೊಂಕು ಇರುತ್ತಲ್ಲ, ಎರಡು ಟೈಲ್ಸ್ ಮಧ್ಯೆ ಇಟ್ಟು ಉರುಳಿಸಿ, ನೆಟ್ಟಗಾಗುತ್ತೆ. ಬಗ್ಗೋ ಕಡೆ ಪೆನ್ಸಿಲ್ಲಿಗೆ ಸುತ್ತಿ ಬಗ್ಗಿಸಿದ್ರೆ ಮೂಲೆ ಚಪ್ಪಟೆ ಆಗಲ್ಲ. ಮೇಲೆ ಜಿಡ್ಡು ಇರುತ್ತೆ ಅದನ್ನ ಥಿನ್ನರಲ್ಲಿ ಒರೆಸದೆ ಬಣ್ಣ ಹೊಡೀಬೇಡಿ, ಮತ್ತೆ ಸೀಸ ಇರೋ ವೈರ್ ಆದ್ರೆ ಕೆಲಸ ಮುಗಿದ ಮೇಲೆ ಕೈ ಸೋಪಲ್ಲಿ ತೊಳೀಲೇಬೇಕು. ಮಾಡೆಲ್ ಸಿಮೆಂಟ್ ಇದಕ್ಕೆ ಹಿಡಿಯಲ್ಲ, ಅದು ಪ್ಲಾಸ್ಟಿಕ್ ಕರಗಿಸಿ ಅಂಟಿಸೋದು, ಲೋಹಕ್ಕೆ ಸೂಪರ್ ಗ್ಲೂನೇ ಬೇಕು.

ಅದಕ್ಕಿಂತ ಮುಖ್ಯ ಇನ್ನೊಂದು. ಈ ಕಿಟ್‌ನಲ್ಲಿ ಬಾಡಿ ಮೇಲಿಂದ ಇಳಿದು ಶಾಸಿ ಮೇಲೆ ಕೂರೋದು, ಗ್ಲಾಸ್ ಪಾರ್ಟ್ ಬಾಡಿ ಒಳಗಡೆಯಿಂದ ಅಂಟಿಸೋದು. ಅಂದ್ರೆ ಕೇಜನ್ನ ಕೆಳಗಿನ ಫ್ಲೋರ್‌ಗೆ ನಿಲ್ಲಿಸಬೇಕು, ರೂಫ್‌ಗೆ ಅಂಟಿಸೋ ಹಾಗಿಲ್ಲ, ಗ್ಲಾಸಿನ ದಪ್ಪಕ್ಕೂ ಸೇರಿ ಮೇಲೆ ಒಂದು ಎಂ.ಎಂ ಜಾಗ ಬಿಡಬೇಕು. ಮೊದಲು ರೂಫ್ ಒಳಗೆ ಕಾಗದ ಒತ್ತಿ ಆಕಾರ ತಗೊಳ್ಳಿ, ಹಿಂದಿನ ದೊಡ್ಡ ಕಮಾನು ನಿಲ್ಲಿಸಿ, ಗ್ಲಾಸನ್ನ ಟೇಪಲ್ಲಿ ಹಿಡಿಸಿ ಬಾಡಿ ಇಳಿಸಿ ನೋಡಿ, ಆಮೇಲೆ ಮುಂದಿನ ಕಾಲು, ಮತ್ತೆ ಬಾಡಿ ಇಳಿಸಿ ನೋಡಿ, ಕೊನೆಗೆ ಅಡ್ಡ ಪೈಪು. ಬೇಜಾರಾಗುತ್ತೆ ಆದ್ರೂ ಪ್ರತಿ ಪೈಪ್‌ಗೂ ಇದು ಬೇಕು. ಕಪ್ಪು ಸೀಟಿನ ಹಿಂದೆ ಬಿಳೀ ಪೈಪುಗಳು ಕಿಟಕಿಯಿಂದ ಅಡ್ಡಡ್ಡ ಕಾಣೋಕೆ ಶುರುವಾದಾಗ ಆ ರೋಡ್ ಕಾರಿನ ಮುಖಾನೇ ಬದಲಾದ ಹಾಗೆ ಅನ್ಸುತ್ತೆ, ಬಂಪರ್ ರೆಕ್ಕೆ ಯಾವುದೂ ಆ ಪರಿಣಾಮ ಕೊಡಲ್ಲ.

ಚಕ್ರ. ರೋಡ್ ಕಾರಿಗೆ 16 ಇಂಚು, ರೇಸಿಗೆ 18. ನಮ್ಮ ಅಳತೆಲಿ 17 ಎಂ.ಎಂ ರಿಮ್ಮು 19 ಆಗಬೇಕು. ಕಿಟ್ ರಿಮ್ ಇಟ್ಕೊಂಡು ಮಿಕ್ಕಿದ್ದೆಲ್ಲಾ ಮಾಡಿದ್ರೆ ಏನೋ ಕಮ್ಮಿ ಇದೆ ಅಂತ ಕಣ್ಣಿಗೆ ಚುಚ್ತಾನೇ ಇರುತ್ತೆ. ಆಯೋಷಿಮಾ, ಫುಜಿಮಿ ಎರಡೂ ಕಂಪನಿ 18 ಇಂಚಿನ ಚಕ್ರಗಳ ಸೆಟ್ ಟೈರ್ ಸಮೇತ ಬೇರೆಯಾಗಿ ಮಾರ್ತಾರೆ, ಆದ್ರೆ ಟಾಮಿಯಾ ಆಕ್ಸಲ್‌ಗೆ ನೇರ ಕೂರುತ್ತೆ ಅನ್ಕೋಬೇಡಿ, ಒಳಗಿನ ಬುಶ್ ಅಡ್ಜಸ್ಟ್ ಮಾಡ್ಬೇಕು. ಕಾರನ್ನ ಎರಡು ಎಂ.ಎಂ ಇಳಿಸಿದ್ರೆ ಸಾಕು, ನಿಜವಾದ ಕಾರಲ್ಲಿ ಅದು ಸುಮಾರು ಐದು ಸೆಂಟಿಮೀಟರ್ ಆಯ್ತು, ಅದಕ್ಕಿಂತ ಇಳಿಸಿದ್ರೆ ಟೈರ್ ಮಡ್‌ಗಾರ್ಡ್‌ಗೆ ತಾಗುತ್ತೆ.

ಬಣ್ಣದ ವಿಷಯ. ಸ್ಪ್ರೇ ಕ್ಯಾನ್ ವಿಮಾನದಲ್ಲಿ ಕಳಿಸಲ್ಲ, ಹಾಗಾಗಿ ಹೊರಗಿಂದ ತರಿಸೋದು ಕಷ್ಟ. ಬೆಂಗಳೂರಿನ ಜೆಸಿ ರೋಡಲ್ಲಿ ಸಿಗೋ ಗಾಡಿ ಟಚಪ್ ಸ್ಪ್ರೇ ನಡೆಯುತ್ತೆ, ಆದ್ರೆ ಅದರ ಥಿನ್ನರ್ ಜೋರು, ಬರೀ ಪ್ಲಾಸ್ಟಿಕ್ ಮೇಲೆ ಹೊಡೆದ್ರೆ ಮೇಲ್ಮೈ ಬಿರುಕು ಬಿಡಬಹುದು, ಮೊದಲು ಪ್ರೈಮರ್ ಹಾಕಿ ಕಿಟ್ ಫ್ರೇಮಿನ ತುಂಡಿನ ಮೇಲೆ ಟೆಸ್ಟ್ ಮಾಡಿ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು ಉಡುಪಿ ಕಡೆ ಇರೋರು, ಗಾಳಿಲಿ ತೇವ ಜಾಸ್ತಿ ಇರೋ ದಿನ ಇಂಥ ಲ್ಯಾಕರ್ ಬಣ್ಣ ಹೊಡೀಲೇಬೇಡಿ, ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತೆ.

ಡಿಕಾಲ್, ಅಂದ್ರೆ ನೀರಲ್ಲಿ ನೆನೆಸಿ ಅಂಟಿಸೋ ಅಕ್ಷರ, ಚಿತ್ರಗಳ ಶೀಟ್, ಹೊರಗಿಂದ ತಗೋಬೇಕು, ಖರ್ಚು ಜಾಸ್ತಿ ಆಗೋದು ಇಲ್ಲೇ. ಕ್ಯಾಲ್ಸೋನಿಕ್ ಮಾಡೋದಾದ್ರೆ ನೀಲಿ ಬಾಡಿ, 12ನೇ ನಂಬರ್, ಕಜುಯೋಶಿ ಹೋಶಿನೋ ಮತ್ತೆ ತೋಶಿಯೋ ಸುಜುಕಿ 1990ರಲ್ಲಿ ಚಾಂಪಿಯನ್ ಆದ ಕಾರು. ಆಸ್ಟ್ರೇಲಿಯಾ ಇಷ್ಟ ಇದ್ರೆ ಜಿಮ್ ರಿಚರ್ಡ್ಸ್, ಮಾರ್ಕ್ ಸ್ಕೈಫ್ ಜೋಡಿ 1991 ಮತ್ತೆ 1992ರಲ್ಲಿ ಅಲ್ಲಿನ ದೊಡ್ಡ ರೇಸ್ ಬಾಥರ್ಸ್ಟ್ ಗೆದ್ದ ಕಾರುಗಳಿವೆ. ಎರಡನೇ ಸಲ ಮಳೆಲಿ ರೇಸ್ ನಿಲ್ಲಿಸಿ ಅವರೇ ಗೆದ್ರು ಅಂದಾಗ ಜನ ಕೂಗಾಡಿ ಗಲಾಟೆ ಮಾಡಿದ್ರು, ಈ ಕಾರ್ ಮೇಲೆ ಅಷ್ಟು ಹೊಟ್ಟೆಕಿಚ್ಚಿತ್ತು. ನಾನು ತರಿಸಿದ ಒಂದು ಶೀಟಲ್ಲಿ, ಯಾರದ್ದು ಅಂತ ಹೆಸರು ಬೇಡ, ಬಿಳೀ ಅಕ್ಷರ ಎಷ್ಟು ತೆಳು ಅಂದ್ರೆ ಕೆಳಗಿನ ನೀಲಿ ಬಣ್ಣ ಕಾಣ್ತಿತ್ತು, ಅದಕ್ಕೆ ಡಿಕಾಲ್ ತಗೊಳ್ಳೋವಾಗ ಗಾಢ ಬಣ್ಣದ ಮೇಲೆ ಅಂಟಿಸಿರೋ ಫೋಟೋ ಕೇಳಿ ತಗೊಳ್ಳಿ.

ಕಿಟ್ ಬಗ್ಗೆ ನನ್ನ ತಕರಾರು ಒಂದೇ, ಬಾನೆಟ್ ಎತ್ತಿ ತೋರಿಸೋಕೆ ಇಂಜಿನ್ ಇಲ್ಲ. ಇಷ್ಟು ದೊಡ್ಡ ಹೆಸರು ಮಾಡಿದ ಇಂಜಿನ್ ಇರೋ ಕಾರಿಗೆ ಅದು ಕೊರತೇನೇ. ಇಂಜಿನ್ ಬೇಕೇ ಬೇಕು ಅನ್ನೋರಿಗೆ ಈ ಡಬ್ಬ ಅಲ್ಲ.

ರೇಟು, ನಾನು ಕೊಟ್ಟಿದ್ದು ಮೂರು ಸಾವಿರದ ಮೇಲೆ, ಚಕ್ರ, ಡಿಕಾಲ್, ಬಣ್ಣ ಸೇರಿದ್ರೆ ಅದರ ಎರಡರಷ್ಟು ಅನ್ಕೊಳ್ಳಿ. ಎಲ್ಲಾ ಒಟ್ಟಿಗೆ ತಗೋಬೇಡಿ. ಮೊದಲು ಕಿಟ್ ಮತ್ತೆ ಡಿಕಾಲ್ ತಗೊಂಡು ಯಾವ ಟೀಮ್ ಅಂತ ಗಟ್ಟಿ ಮಾಡ್ಕೊಳ್ಳಿ, ಯಾಕಂದ್ರೆ ರಿಮ್ ಡಿಸೈನು, ರಿಮ್ ಬಣ್ಣ, ಕೇಜಿನ ಬಣ್ಣ ಎಲ್ಲಾ ಟೀಮ್ ಮೇಲೆ ಹೋಗುತ್ತೆ, ಮೊದಲೇ ಚಕ್ರ ತಗೊಂಡುಬಿಟ್ರೆ ಆಮೇಲೆ ಹೊಂದಲ್ಲ.