ಜರ್ಮನ್ ಮಾಜಿ ಸೈನಿಕರ ಪದಕಗಳು: ಯಾವುದಕ್ಕೆ ಹಣ ಹಾಕಬಹುದು, ಯಾವುದರ ಬಳಿ ಹುಷಾರಾಗಿರಬೇಕು

ಮೊದಲ ಮಹಾಯುದ್ಧದ ನಂತರದ ಜರ್ಮನ್ ಪದಕಗಳು ಹರಾಜುಗಳಲ್ಲಿ ರಾಶಿ ರಾಶಿ ಬರುತ್ತವೆ. ಮಾರುವವರು ಎಲ್ಲಕ್ಕೂ ‘ಯುದ್ಧ ಪದಕ’ ಎಂಬ ಒಂದೇ ಚೀಟಿ ಅಂಟಿಸಿಬಿಡುತ್ತಾರೆ. ಇವುಗಳಲ್ಲಿ ಸರ್ಕಾರ ಕೊಟ್ಟದ್ದು ಬೇರೆ, ಸಂಘಗಳು ಅರ್ಜಿ ಮತ್ತು ಶುಲ್ಕ ತೆಗೆದುಕೊಂಡು ಕೊಟ್ಟದ್ದು ಬೇರೆ. ಈ ವ್ಯತ್ಯಾಸ ತಿಳಿಯದೆ ಕೊಂಡರೆ ಹೆಚ್ಚು ಬೆಲೆ ತೆರುವುದು ಖಂಡಿತ.

ಸಂಘಗಳು ಪದಕ ಹೊರಡಿಸುವ ಪರಿಸ್ಥಿತಿ ಬಂದದ್ದು ವೈಮಾರ್ ಸಂವಿಧಾನದಿಂದ, ಅಂದರೆ ಸೋಲಿನ ನಂತರ ಗಣರಾಜ್ಯವಾದ ಜರ್ಮನಿಯ ಸಂವಿಧಾನದಿಂದ. ಆಗಸ್ಟ್ 1919ರ ಆ ಸಂವಿಧಾನದ 109ನೇ ವಿಧಿಯ ಪ್ರಕಾರ ಸರ್ಕಾರ ಪದಕ, ಬಿರುದು ಕೊಡುವಂತಿರಲಿಲ್ಲ. ವಿದೇಶಿ ಸರ್ಕಾರದಿಂದ ಜರ್ಮನ್ನರು ಅವನ್ನು ಪಡೆಯುವಂತೆಯೂ ಇರಲಿಲ್ಲ. ನಾಲ್ಕು ವರ್ಷ ಕಂದಕದಲ್ಲಿ ಕಳೆದು ಬಂದ ಲಕ್ಷಾಂತರ ಜನರಿಗೆ ಯುದ್ಧದ ನೆನಪಿಗೆಂದು ದೇಶದ ಕಡೆಯಿಂದ ಒಂದು ಸಾಮಾನ್ಯ ಪದಕವೂ ಸಿಗಲಿಲ್ಲ. ಆ ಖಾಲಿ ಜಾಗಕ್ಕೆ ನುಗ್ಗಿದ್ದು ಮಾಜಿ ಸೈನಿಕರ ಸಂಘಗಳು.

ಅವುಗಳಲ್ಲಿ ದೊಡ್ಡದು ಕಿಫ್‌ಹಾಯ್ಸರ್ ಒಕ್ಕೂಟ. ತುರಿಂಗಿಯಾದ ಬೆಟ್ಟದ ಮೇಲೆ 1896ರಲ್ಲಿ ಉದ್ಘಾಟನೆಯಾದ ಸ್ಮಾರಕದಿಂದ ಅದಕ್ಕೆ ಈ ಹೆಸರು. ಅದರ 1914/18ರ ಯುದ್ಧ ಸ್ಮಾರಕ ಪದಕವನ್ನು ರೂಪಿಸಿದವರು ಶಿಲ್ಪಿ ಹೆರ್ಮನ್ ಹೊಸೇಯುಸ್. ಒಂದು ಬದಿಯಲ್ಲಿ ‘ಬ್ಲಾಂಕ್ ದೀ ವೇರ್, ರೈನ್ ದೀ ಏರ್’ ಎಂದಿದೆ: ಆಯುಧ ಹೊಳೆಯಲಿ, ಮಾನ ಶುದ್ಧವಿರಲಿ. ಇನ್ನೊಂದು ಬದಿಯಲ್ಲಿ ಆ ಯುದ್ಧದ ಜರ್ಮನ್ ಸೇನಾಪತಿ, ಮುಂದೆ ದೇಶದ ಅಧ್ಯಕ್ಷರಾದ ಹಿಂಡೆನ್‌ಬರ್ಗ್ ಮಾತು: ಶತ್ರುಗಳ ಇಡೀ ಜಗತ್ತಿನ ಎದುರು ನಾಲ್ಕು ವರ್ಷಕ್ಕೂ ಮೀರಿ ನಿಂತ ಯುದ್ಧದಿಂದ ತಲೆಯೆತ್ತಿ ಹೊರಬರುತ್ತಿದ್ದೇವೆ ಎಂಬ ಸಾಲು. ಸೋತ ಸೈನ್ಯದ ಪದಕಕ್ಕೆ ಇದು ತುಸು ಜೋರೇ ಸರಿ, ಆದರೆ ಕೆತ್ತನೆ ಚೆನ್ನಾಗಿದೆ. ನೋಡಲು ಇಷ್ಟು ಗಟ್ಟಿಯಾದ ವಿನ್ಯಾಸ ಬೇರೆ ಸಂಘಗಳ ಪದಕಗಳಲ್ಲಿ ಅಪರೂಪ.

ಇದರ ತೊಂದರೆ ಇರುವುದು ರಿಬ್ಬನ್ ಮೇಲೆ. ವೆರ್ಡನ್, ಸೋಮ್ ಎಂಬಂತೆ ಕದನಗಳ ಹೆಸರಿರುವ ಲೋಹದ ಪಟ್ಟಿಗಳನ್ನು ರಿಬ್ಬನ್ನಿಗೆ ಸೇರಿಸಿಕೊಳ್ಳಬಹುದಿತ್ತು. ಈ ಪಟ್ಟಿಗಳು ಬಿಡಿ ಸಾಮಾನು. ಇವತ್ತು ಯಾರು ಬೇಕಾದರೂ ಹಳೆಯ ಪದಕಕ್ಕೆ ನಾಲ್ಕು ಪಟ್ಟಿ ಸಿಕ್ಕಿಸಿ ಬೆಲೆ ಏರಿಸಬಹುದು, ಏರಿಸುತ್ತಾರೆ ಕೂಡ. ಪಟ್ಟಿ ತೆಗೆದು ಕೆಳಗಿನ ಬಟ್ಟೆ ನೋಡಿ. ದಶಕಗಳ ಕಾಲ ಅಲ್ಲೇ ಇದ್ದ ಪಟ್ಟಿಯಾದರೆ ಅದರ ಅಡಿಯ ಬಣ್ಣ ಸುತ್ತಲಿನದಕ್ಕಿಂತ ಗಾಢವಾಗಿ ಉಳಿದಿರುತ್ತದೆ, ಲೋಹ ಒತ್ತಿದ ಗುರುತೂ ಇರುತ್ತದೆ. ಎಲ್ಲ ಕಡೆ ಒಂದೇ ಬಣ್ಣವಿದ್ದರೆ ಪಟ್ಟಿ ಹೊಸದಾಗಿ ಸೇರಿದ್ದು ಎಂದೇ ತಿಳಿಯಿರಿ. ಇದಕ್ಕಿಂತ ಭದ್ರವಾದ ಸಾಕ್ಷಿ ಮಿಲಿಟೇರ್‌ಪಾಸ್, ಅಂದರೆ ಸೈನಿಕನ ಸೇವಾ ಪುಸ್ತಕ. ಅವನು ಪಾಲ್ಗೊಂಡ ಕದನಗಳು ಅದರಲ್ಲಿ ಬರೆದಿರುತ್ತವೆ. ಪುಸ್ತಕವೂ ಪದಕವೂ ಒಂದೇ ಹೆಸರಿನಲ್ಲಿ ಬಂದರೆ ಮಾತ್ರ ಪಟ್ಟಿಗಳಿಗೆ ಹೆಚ್ಚಿನ ಹಣ ಕೊಡಿ.

ಜರ್ಮನ್ ಏರೆನ್‌ಲೆಗಿಯೋನ್ ಎಂಬ ಸಂಘದ ಪದಕದ್ದೂ ಇದೇ ಕಥೆ. ಕಾದಾಡಿದವರಿಗೂ ಉಳಿದವರಿಗೂ ಪದಕ ಒಂದೇ. ಕಾದಾಡಿದವರಿಗೆ ರಿಬ್ಬನ್ ಮೇಲೆ ಕತ್ತಿಗಳಿರುವ ಸಣ್ಣ ಮಾಲೆ. ಅದನ್ನೂ ಬಿಡಿಯಾಗಿ ತಂದು ಸೇರಿಸಬಹುದು. ಸ್ಟಾಲ್‌ಹೆಲ್ಮ್ ಸಂಘದ, ಸೇರಿದ ವರ್ಷ ನಮೂದಿಸಿದ ಬಿಲ್ಲೆ ಈ ದೃಷ್ಟಿಯಿಂದ ಪ್ರಾಮಾಣಿಕ. ಅದು ಶೌರ್ಯದ ಮಾತೇ ಆಡುವುದಿಲ್ಲ, ಸದಸ್ಯತ್ವ ಯಾವಾಗಿನದು ಎಂದಷ್ಟೇ ಹೇಳುತ್ತದೆ. ಹಿಂಬದಿಯಲ್ಲಿ ಹೆಸರು ಕೊರೆದದ್ದು ಸಿಕ್ಕರೆ ಬಿಡಬೇಡಿ.

ಪೂರ್ವ ಗಡಿಯ ಶ್ಲೇಸಿಯಾ ಪ್ರಾಂತ್ಯದ ‘ಶ್ಲೇಸಿಯಾದ ಹದ್ದು’ ಎಂಬ ಪದಕವನ್ನು ಈ ಗುಂಪಿಗೆ ಸೇರಿಸುವುದು ತಪ್ಪು. ಜೂನ್ 1919ರಲ್ಲಿ ಅದನ್ನು ಸ್ಥಾಪಿಸಿದ್ದು ಸಂಘವಲ್ಲ, 6ನೇ ಸೇನಾ ಕೋರ್‌ನ ಕಮಾಂಡರ್. ಅರ್ಹತೆಯೂ ಸ್ಪಷ್ಟ: ಮೂರು ತಿಂಗಳ ಸೇವೆಗೆ ಎರಡನೇ ದರ್ಜೆ, ರಿಬ್ಬನ್ನಿನಲ್ಲಿ ತೂಗುವಂಥದ್ದು, ಆರು ತಿಂಗಳಿಗೆ ಮೊದಲ ದರ್ಜೆ, ಎದೆಗೆ ಪಿನ್ ಮಾಡುವಂಥದ್ದು. ಕತ್ತಿ, ಓಕ್ ಎಲೆ ಸೇರಿಸಿದ ಮಾದರಿಗಳೂ ಓಡಾಡುತ್ತವೆ. ಅವಕ್ಕೆ ‘ಮೇಲಿನ ದರ್ಜೆ’ ಎಂದು ಹೇಳಿ ಹೆಚ್ಚು ಕೇಳಿದರೆ ನಕ್ಕು ಮುಂದೆ ನಡೆಯಿರಿ. ದರ್ಜೆ ಇರುವುದು ಎರಡೇ.

ಹೊಸದಾಗಿ ಸಂಗ್ರಹ ಶುರುಮಾಡುವವರಿಗೆ ನನ್ನ ಶಿಫಾರಸು 1934ರ ಏರೆನ್‌ಕ್ರಾಯ್ತ್ಸ್, ಅಂದರೆ ಮಹಾಯುದ್ಧದ ಗೌರವ ಶಿಲುಬೆ. ಸಂಘಗಳ ಪದಕಗಳನ್ನು ಧರಿಸುವುದಕ್ಕೆ ತಡೆ ಬಿದ್ದ ವರ್ಷವೂ ಅದೇ. 13 ಜುಲೈ 1934ರಂದು ಅಧ್ಯಕ್ಷ ಹಿಂಡೆನ್‌ಬರ್ಗ್ ಇದನ್ನು ಸ್ಥಾಪಿಸಿದರು. ಮೂರು ವಾರ ಕಳೆಯುವುದರೊಳಗೆ ತೀರಿಕೊಂಡರು. ವಿಧ ಮೂರು. ಕಾಳಗದಲ್ಲಿ ಪಾಲ್ಗೊಂಡವರಿಗೆ ಲಾರೆಲ್ ಮಾಲೆ ಮತ್ತು ಅಡ್ಡ ಕತ್ತಿಗಳಿರುವ ಶಿಲುಬೆ. ಸೈನ್ಯಕ್ಕೆ ಕರೆಸಿಕೊಂಡರೂ ಕಾಳಗಕ್ಕೆ ಇಳಿಯದವರಿಗೆ ಓಕ್ ಮಾಲೆ, ಕತ್ತಿ ಇಲ್ಲ. ಸತ್ತ ಅಥವಾ ಕಾಣೆಯಾದ ಸೈನಿಕರ ವಿಧವೆಯರಿಗೆ, ತಂದೆತಾಯಿಗೆ ಅದೇ ಓಕ್ ಮಾಲೆಯ ಶಿಲುಬೆ, ಆದರೆ ಕಪ್ಪು ಬಣ್ಣದ್ದು. ಕಾದಾಡಿದವರ ವಿಧವೇ 60 ಲಕ್ಷಕ್ಕೂ ಹೆಚ್ಚು ಹಂಚಿಕೆಯಾಯಿತು, ಹಾಗಾಗಿ ‘ಅಪರೂಪದ್ದು’ ಎಂಬ ಮಾತಿಗೆ ಮರುಳಾಗಬೇಡಿ.

ಹೆಚ್ಚಿನ ಮೋಸ ನಡೆಯುವುದು ಕಪ್ಪು ಶಿಲುಬೆಯಲ್ಲಿ. ಎರಡನೆಯದಕ್ಕೂ ಮೂರನೆಯದಕ್ಕೂ ವಿನ್ಯಾಸ ಒಂದೇ ಆದ್ದರಿಂದ, ಅಗ್ಗದ ಎರಡನೇ ವಿಧಕ್ಕೆ ಕಪ್ಪು ಬಳಿದರೆ ವಿಧವೆಯ ಶಿಲುಬೆ ಸಿದ್ಧ. ಭೂತಗನ್ನಡಿ ಹಿಡಿದು ತೋಳುಗಳ ಅಂಚು, ಮಾಲೆಯ ಉಬ್ಬು ಎಲೆಗಳು, ಮೇಲಿನ ಬಳೆಯ ಒಳಬದಿ ನೋಡಿ. ಅಸಲಿಯಲ್ಲಿ ಬಣ್ಣ ಸವೆದ ಕಡೆ ಕಬ್ಬಿಣದ ಬೂದು ಅಥವಾ ತುಕ್ಕು ಕಾಣುತ್ತದೆ. ಬಳಿದದ್ದರಲ್ಲಿ ಕಪ್ಪಿನ ಅಡಿಯಿಂದ ಕಂಚಿನ ಲೇಪ ಹೊಳೆಯುತ್ತದೆ, ‘1914 1918’ ಅಂಕಿಗಳ ಸಂದಿನಲ್ಲಿ ಬಣ್ಣ ದಪ್ಪಗೆ ಕೂತಿರುತ್ತದೆ. ರಿಬ್ಬನ್ ಕೂಡ ಸುಳಿವು ಕೊಡುತ್ತದೆ. ಮೊದಲ ಎರಡು ವಿಧಕ್ಕೆ ಅಂಚು ಕಪ್ಪು, ನಡುವೆ ಕೆಂಪು. ವಿಧವೆಯರದಕ್ಕೆ ಕಪ್ಪು ಬಿಳುಪು ಅದಲುಬದಲಾಗಿ ಅಂಚು ಬಿಳಿ. ಆದರೆ ರಿಬ್ಬನ್ ಬದಲಿಸುವುದು ಐದು ನಿಮಿಷದ ಕೆಲಸ, ಅದೊಂದನ್ನೇ ನಂಬಬೇಡಿ.

ಜೇಬಿನಲ್ಲಿ ಸಣ್ಣದೊಂದು ಅಯಸ್ಕಾಂತ ಇಟ್ಟುಕೊಳ್ಳಿ. ಈ ಶಿಲುಬೆಗಳು ಕಬ್ಬಿಣದವು, ಅಂಟಬೇಕು. ಅಂಟದಿದ್ದರೆ ಸತುವಿನಂಥ ಲೋಹದ ನಕಲು ಎಂದು ಶಂಕಿಸಿ. ಅಸಲಿ ಅಚ್ಚೊತ್ತಿದ್ದು, ಎರಕ ಹೊಯ್ದದ್ದಲ್ಲ. ಮೇಲ್ಮೈಯಲ್ಲಿ ಸಣ್ಣ ಗುಳಿಗಳು, ಅಂಚಿನ ಸುತ್ತ ಜೋಡಣೆಯ ಗೆರೆ ಇದ್ದರೆ ವಾಪಸ್ ಕೊಡಿ. ಹಿಂಬದಿ ಸಾಮಾನ್ಯವಾಗಿ ಸಾದಾ, ತಯಾರಕರ ಗುರುತು ಮಾತ್ರ ಇರುತ್ತದೆ. ಗುರುತು ಹತ್ತಾರು ಬಗೆ ಇವೆ. ಅವುಗಳ ಹಿಂದೆ ಬೀಳುವುದು ಬೇರೆಯದೇ ಹುಚ್ಚು, ಮೊದಲ ಶಿಲುಬೆ ಕೊಳ್ಳುವಾಗ ಅದು ಬೇಡ.

ಇದರ ದೊಡ್ಡ ಅನುಕೂಲ ಎಂದರೆ ಕಾಗದ. ಶಿಲುಬೆ ಬೇಕಾದವರು ಅರ್ಜಿ ಹಾಕಬೇಕಿತ್ತು, ಸ್ಥಳೀಯ ಅಧಿಕಾರಿಗಳು ಹೆಸರು, ವಿಧ, ತಾರೀಖು ಬರೆದು ಮೊಹರು ಒತ್ತಿ ಪ್ರಮಾಣಪತ್ರ ಕೊಡುತ್ತಿದ್ದರು. ಅದರಲ್ಲಿ ನಮೂದಾದ ವಿಧವೂ ಕೈಯಲ್ಲಿರುವ ಶಿಲುಬೆಯೂ ಒಂದೇ ಇರಬೇಕು; ಇಷ್ಟು ಸರಳ ವಿಷಯವನ್ನೂ ನೋಡದೆ ಕೊಳ್ಳುವವರಿದ್ದಾರೆ. ‘ಫ್ಯೂರರ್ ಮತ್ತು ರೈಖ್ ಚಾನ್ಸಲರ್ ಹೆಸರಿನಲ್ಲಿ’ ಎಂದು ಶುರುವಾಗುವ ಪತ್ರಕ್ಕೆ 2 ಆಗಸ್ಟ್ 1934ಕ್ಕಿಂತ ಹಿಂದಿನ ತಾರೀಖು ಇದ್ದರೆ ಅದು ನಕಲಿ, ಏಕೆಂದರೆ ಹಿಟ್ಲರ್ ಆ ಸ್ಥಾನಕ್ಕೆ ಬಂದದ್ದು ಹಿಂಡೆನ್‌ಬರ್ಗ್ ಸತ್ತ ಆ ದಿನ.

ಒಂದೇ ಪಟ್ಟಿಗೆ ಸಾಲಾಗಿ ಹೊಲಿದ ಪದಕಗಳನ್ನು ಕೊಳ್ಳುವುದಾದರೆ ಇನ್ನೊಂದು ಪರೀಕ್ಷೆ ಮಾಡಿ. ಗೌರವ ಶಿಲುಬೆಯ ಪಕ್ಕದಲ್ಲೇ ಕಿಫ್‌ಹಾಯ್ಸರ್ ಪದಕ ಕೂತಿದ್ದರೆ, ಧರಿಸುವಂತಿಲ್ಲದ್ದು ಅಲ್ಲಿಗೆ ಹೇಗೆ ಬಂತು ಎಂದು ಕೇಳಿ. ನಿಯಮಕ್ಕೆ ಸೊಪ್ಪು ಹಾಕದವರು ಆಗಲೂ ಇದ್ದಿರಬಹುದು, ಆದರೆ ಹೊಲಿಗೆಯ ದಾರ ಹೊಸದಾಗಿ ಹೊಳೆಯುತ್ತಿದ್ದರೆ ಅದು ಮಾರಾಟಗಾರನ ಕೈಚಳಕ. ಹಂಗೇರಿ, ಆಸ್ಟ್ರಿಯಾಗಳ ಸ್ಮಾರಕ ಪದಕಗಳು ಪಕ್ಕದಲ್ಲಿದ್ದರೆ ಚಿಂತೆಯಿಲ್ಲ. ಅವು ಜೊತೆಗೆ ಬರುವುದು ಸಹಜ.

ಜರ್ಮನಿಯಿಂದ ತರಿಸುವವರು ಗಮನಿಸಿ: ಗೌರವ ಶಿಲುಬೆಯ ಮೇಲೆ ಸ್ವಸ್ತಿಕ ಇಲ್ಲ, ಪದಕಗಳ ಬಗೆಗಿನ 1957ರ ಕಾನೂನಿನ ನಂತರವೂ ಅಲ್ಲಿ ಅದನ್ನು ಧರಿಸಬಹುದು. ಆದರೆ 1938ರಲ್ಲಿ ನಾಟ್ಸಿ ಸಂಸ್ಥೆಯಾಗಿ ಬದಲಾದ ಮೇಲೆ ಕಿಫ್‌ಹಾಯ್ಸರ್ ಒಕ್ಕೂಟ ಹೊರಡಿಸಿದ ಸ್ವಸ್ತಿಕದ ಬಿಲ್ಲೆಗಳಿಗೆ, ನಿಷೇಧಿತ ಸಂಸ್ಥೆಗಳ ಚಿಹ್ನೆ ತೋರಿಸುವುದನ್ನು ತಡೆಯುವ ಜರ್ಮನ್ ದಂಡಸಂಹಿತೆಯ 86ಎ ಕಲಂ ಅಡ್ಡ ಬರುತ್ತದೆ. ಅಲ್ಲಿನ ಮಾರಾಟಗಾರರು ಚಿತ್ರದಲ್ಲಿ ಆ ಭಾಗವನ್ನು ಮುಚ್ಚಿಯೇ ತೋರಿಸುತ್ತಾರೆ. ಮುಚ್ಚಿದ ಜಾಗದಲ್ಲಿ ಬಿರುಕೋ ಬೆಸುಗೆಯೋ ಇದೆಯೇ ಎಂದು ಹಣ ಕಳಿಸುವ ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.