ವರದಿಗಾರ ಕೆಲಸಕ್ಕೆ ಖಾಲಿ ಚೆಕ್ ಕೇಳಿದರೆ ಕೊಡಬೇಡಿ

ರಾಣೆಬೆನ್ನೂರು, ಸಿಂಧನೂರು, ಅರಸೀಕೆರೆಯಂಥ ಊರುಗಳಲ್ಲಿ ‘ತಾಲ್ಲೂಕು ವರದಿಗಾರರು ಬೇಕಾಗಿದ್ದಾರೆ’ ಎಂದರೆ ಪತ್ರಿಕೋದ್ಯಮ ಓದಿದ ಹುಡುಗ ಹುಡುಗಿಯರು ಆಸೆಯಿಂದ ಹೋಗುತ್ತಾರೆ. ಎಷ್ಟೋ ಕಡೆ ಅವರ ಕೈಗೆ ಐಡಿ ಕಾರ್ಡ್ ಸಿಗುತ್ತದೆ, ನೇಮಕಾತಿ ಪತ್ರ ಸಿಗುವುದಿಲ್ಲ. ಬದಲಿಗೆ ಅವರಿಂದಲೇ ಪತ್ರಿಕೆ ಮಾರಾಟದ ಏಜೆನ್ಸಿಗೆಂದು ಡಿಪಾಸಿಟ್ ಕಟ್ಟಿಸಿಕೊಳ್ಳುತ್ತಾರೆ, ಜಾಹೀರಾತು ಟಾರ್ಗೆಟ್ ಒಪ್ಪಿಸುತ್ತಾರೆ, ‘ಭದ್ರತೆಗೆ ಇರಲಿ’ ಎಂದು ಸಹಿ ಮಾಡಿದ ಖಾಲಿ ಚೆಕ್ ಇಸಿದುಕೊಳ್ಳುತ್ತಾರೆ. ಡಿಪಾಸಿಟ್ ಹೋದರೆ ಹೋಯಿತು ಎನ್ನಬಹುದು. ಚೆಕ್ ಕೋರ್ಟಿನವರೆಗೆ ಎಳೆದೊಯ್ಯುತ್ತದೆ.

ಹೀಗೆ ಸಿಕ್ಕಿಬಿದ್ದ ಯುವಕನೊಬ್ಬನ ಲೆಕ್ಕ ನೋಡಿ. ದೀಪಾವಳಿ ಪುರವಣಿಗೆ ಸ್ಥಳೀಯ ಮುಖಂಡರ ಶುಭಾಶಯ ಜಾಹೀರಾತು ತಂದ. ನಾಲ್ಕು ಕಾಲಂ ಅಗಲ, 25 ಸೆಂಟಿಮೀಟರ್ ಎತ್ತರ, ಅಂದರೆ 100 ಕಾಲಂ ಸೆಂಟಿಮೀಟರ್. ದರ ಕಾಲಂ ಸೆಂಟಿಮೀಟರಿಗೆ 80 ರೂಪಾಯಿ. ಬಿಲ್ 8,000, ಮೇಲೆ ಶೇ 5 ಜಿಎಸ್‌ಟಿ ಸೇರಿ 8,400. ಅವನ ಕಮಿಷನ್ ಶೇ 15, ಅಂದರೆ 1,200. ಜಾಹೀರಾತು ಕೊಟ್ಟವರು ‘ಮುಂದಿನ ವಾರ ನೋಡೋಣ ಬಾರಪ್ಪಾ’ ಎನ್ನುತ್ತಾ ಆರು ತಿಂಗಳು ತಳ್ಳಿದರು. ಕಚೇರಿ ಆ 8,400ನ್ನು ಅವನ ಹೆಸರಿನ ಬಾಕಿಗೆ ಹಾಕಿತು. ಒಂದು ಬಿಲ್ ಮುಳುಗಿದರೆ ಏಳು ಜಾಹೀರಾತಿನ ಕಮಿಷನ್ ಅದಕ್ಕೇ ಸರಿಹೋಗುತ್ತದೆ. ಅವನದು ಇಂಥ ಒಂಬತ್ತು ಬಿಲ್ ಮುಳುಗಿದ್ದವು. ಕೆಲಸ ಬಿಟ್ಟ ಮೇಲೆ ಆ ಖಾಲಿ ಚೆಕ್ಕಿನಲ್ಲಿ 75,600 ಎಂದು ತುಂಬಿ ಬ್ಯಾಂಕಿಗೆ ಹಾಕಿದರು.

ಬಾಕಿ ಅವನ ತಲೆಗೆ ಬಂದದ್ದು ರಿಲೀಸ್ ಆರ್ಡರಿನಿಂದ, ಅಂದರೆ ಜಾಹೀರಾತು ಪ್ರಕಟಿಸಿ ಎಂದು ಪತ್ರಿಕೆಗೆ ಕೊಡುವ ಆದೇಶದಿಂದ. ಆ ಹಾಳೆಯಲ್ಲಿ ‘ಜಾಹೀರಾತುದಾರರ ಸಹಿ ಮತ್ತು ಮೊಹರು’ ಎಂಬ ಜಾಗ ಖಾಲಿ ಇತ್ತು. ಕೆಳಗೆ ‘ಪ್ರತಿನಿಧಿ’ ಎಂಬಲ್ಲಿ ಅವನ ಸಹಿ ಮಾತ್ರ. ಮುಖಂಡರು ಫೋನಿನಲ್ಲೇ ‘ಹಾಕಿಬಿಡು’ ಎಂದಿದ್ದರು. ಸಹಿ ಇಲ್ಲದಿದ್ದರೆ ಅವರು ಹೇಳಿದ್ದಕ್ಕೆ ಸಾಕ್ಷಿಯೇ ಇಲ್ಲ. ಎಷ್ಟೇ ಪರಿಚಯವಿರಲಿ, ಸಹಿ ಬೀಳದೆ ಆರ್ಡರ್ ಕಳಿಸಬೇಡಿ. ಕನಿಷ್ಠ ಅಳತೆ, ದರ, ದಿನಾಂಕ ಬರೆದು ಅವರ ವಾಟ್ಸ್ಆ್ಯಪ್‌ಗೆ ಹಾಕಿ ‘ಒಪ್ಪಿಗೆ’ ಎಂದು ಬರೆಸಿಕೊಳ್ಳಿ.

ಚೆಕ್ಕಿನಲ್ಲಿ ಸಹಿಯಷ್ಟೇ ನನ್ನದು, ಮೊತ್ತ ಬರೆದವರು ಅವರು, ಹಾಗಾಗಿ ಕೇಸು ನಿಲ್ಲುವುದಿಲ್ಲ ಎಂದು ತುಂಬ ಜನ ನಂಬಿದ್ದಾರೆ. ತಪ್ಪು. ಸಹಿ ಮಾಡಿದ ಖಾಲಿ ಚೆಕ್ಕನ್ನು ಇಷ್ಟಪಟ್ಟು ಕೊಟ್ಟಿದ್ದರೆ ಉಳಿದದ್ದನ್ನು ಬೇರೆಯವರು ತುಂಬಿದರೂ ಅದು ಬಾಕಿಗೆಂದೇ ಕೊಟ್ಟದ್ದು ಎಂಬ ಊಹೆಯಿಂದಲೇ ಕೋರ್ಟ್ ಹೊರಡುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಬಾಕಿ ಇರಲಿಲ್ಲ ಎಂದು ತೋರಿಸುವ ಹೊರೆ ನಿಮ್ಮ ಮೇಲೆ. ಹಣ ಕೊಡಬೇಡಿ ಎಂದು ಬ್ಯಾಂಕಿಗೆ ಹೇಳಿ ‘ಸ್ಟಾಪ್ ಪೇಮೆಂಟ್’ ಹಾಕಿಸಿದರೂ ಚೆಕ್ ಬೌನ್ಸ್‌ಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಬಿಡುವುದಿಲ್ಲ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ.

ದುಡ್ಡು ಕೊಡುವವರು ಸಿಕ್ಕರೂ ಇನ್ನೊಂದು ಅಪಾಯವಿದೆ. ಜಾಹೀರಾತಿನ ಹಣವನ್ನು ನಿಮ್ಮ ಫೋನ್‌ಪೇಗೆ ಹಾಕಿಸಿಕೊಳ್ಳಬೇಡಿ, ನಗದು ಮುಟ್ಟಬೇಡಿ. ಗುತ್ತಿಗೆದಾರರ ಕಳಪೆ ರಸ್ತೆಯ ಬಗ್ಗೆ ಸೋಮವಾರ ಬರೆದು ಗುರುವಾರ ಅವರಿಂದಲೇ ಐದು ಸಾವಿರ ನಿಮ್ಮ ಖಾತೆಗೆ ಬಂದಿದ್ದರೆ ಅದು ಜಾಹೀರಾತಿನದು ಎಂದು ಯಾರು ನಂಬುತ್ತಾರೆ? ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ, ಅಂದರೆ ಸುಲಿಗೆಯ ದೂರು ಕೊಡಲು ಅವರಿಗೆ ಅಷ್ಟು ಸಾಕು. ಚೆಕ್ ಪತ್ರಿಕೆಯ ಹೆಸರಿಗೇ ಇರಲಿ, ರಸೀದಿ ಕಚೇರಿಯಿಂದಲೇ ಬರಲಿ. ನಿಜ ಹೇಳಬೇಕೆಂದರೆ, ಸುದ್ದಿ ಬರೆಯುವವರ ಕೈಗೆ ಬಿಲ್ ಬುಕ್ ಕೊಡುವುದೇ ಅನ್ಯಾಯ. ಬಾಕಿ ವಸೂಲಿಗೆ ಬೆಳಿಗ್ಗೆ ಯಾರ ಮನೆಯ ಜಗಲಿಯಲ್ಲಿ ಕಾದು ಕೂರುತ್ತೀರೋ, ಸಂಜೆ ಅವರ ವಿರುದ್ಧ ಬರೆಯಲು ಕೈ ಏಳುವುದಿಲ್ಲ. ಊರಿಗೆ ಆಗುವ ನಷ್ಟ ಅದು.

ಏಜೆನ್ಸಿಯನ್ನೂ ತಲೆಗೆ ಕಟ್ಟಿದರೆ, ಮಾರಾಟವಾಗದ ಪ್ರತಿಗಳನ್ನು ವಾಪಸ್ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಬರಹದಲ್ಲಿ ಪಡೆಯಿರಿ.

ಸೇರುವ ಮೊದಲು ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಸಾಲು ಓದಿ: ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ನೋಂದಣಿ ಸಂಖ್ಯೆ ಇದೆಯೇ. 2024ರ ಮಾರ್ಚ್ 1ರಿಂದ ನೋಂದಣಿ ಹೊಸ ಕಾಯ್ದೆಯಡಿ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಅವರ ಬಳಿ ನಡೆಯುತ್ತದೆ. ಶೀರ್ಷಿಕೆ ಅವರ ಜಾಲತಾಣದಲ್ಲಿ ಸಿಗದಿದ್ದರೆ ಆ ಕಡೆ ಹೋಗಬೇಡಿ. ಕಚೇರಿ ಕೊಡುವ ಪ್ರೆಸ್ ಕಾರ್ಡಿಗೂ ವಾರ್ತಾ ಇಲಾಖೆಯ ಮಾನ್ಯತಾ ಕಾರ್ಡಿಗೂ ಸಂಬಂಧವಿಲ್ಲ. ‘ಗುತ್ತಿಗೆಯವರಿಗೆ ವೇತನ ಮಂಡಳಿ ಅನ್ವಯಿಸುವುದಿಲ್ಲ’ ಎಂಬ ಮಾತನ್ನೂ ಹಾಗೇ ಒಪ್ಪಬೇಡಿ. ಪತ್ರಿಕಾ ನೌಕರರ ವೇತನದ ಬಗ್ಗೆ ಮಜೀಠಿಯಾ ವೇತನ ಮಂಡಳಿ ಮಾಡಿದ ಶಿಫಾರಸು ಗುತ್ತಿಗೆ ನೌಕರರಿಗೂ ಅನ್ವಯ ಎಂದು 2017ರ ಜೂನ್ 19ರಂದು ಸುಪ್ರೀಂ ಕೋರ್ಟ್ ಹೇಳಿತ್ತು. ಆದರೆ ನೀವು ನೌಕರರು ಎಂದು ತೋರಿಸಲು ಕಾಗದ ಬೇಕು. ಬ್ಯಾಂಕಿಗೆ ಬಂದ ಸಂಬಳ, ಡೆಸ್ಕ್‌ಗೆ ಕಳಿಸಿದ ಇಮೇಲ್, ಬೈಲೈನ್, ಅಂದರೆ ಸುದ್ದಿಯ ಜೊತೆ ನಿಮ್ಮ ಹೆಸರು ಇರುವ ಪುಟಗಳು, ಡ್ಯೂಟಿ ಹಚ್ಚಿದ ಮೆಸೇಜು, ಎಲ್ಲವನ್ನೂ ಕಚೇರಿ ಕೊಟ್ಟ ಖಾತೆಯಲ್ಲಲ್ಲ, ನಿಮ್ಮ ಸ್ವಂತ ಖಾತೆಯಲ್ಲಿ ಇಟ್ಟುಕೊಳ್ಳಿ.

ಚೆಕ್ ಈಗಾಗಲೇ ಕೊಟ್ಟಿದ್ದರೆ ಅದರ ಸಂಖ್ಯೆ, ಕೊಟ್ಟ ದಿನ, ‘ಭದ್ರತೆಗೆ ಮಾತ್ರ’ ಎಂಬುದನ್ನು ಬರೆದು, ವಾಪಸ್ ಕೊಡಿ ಎಂದು ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ, ರಸೀದಿ ಜೋಪಾನ. ಇದನ್ನು ಕೆಲಸದಲ್ಲಿ ಇರುವಾಗಲೇ ಮಾಡಿ. ಚೆಕ್ ಬೌನ್ಸ್ ಆಗಿ ನೋಟಿಸ್ ಬಂದರೆ ಲಕೋಟೆ ವಾಪಸ್ ಕಳಿಸಬೇಡಿ. ಕೈಗೆ ಬಂದ ದಿನದಿಂದ 15 ದಿನ ನಿಮ್ಮದು. ಅಷ್ಟರೊಳಗೆ ಹಳೆಯ ಪತ್ರದ ರಸೀದಿ, ರಿಲೀಸ್ ಆರ್ಡರ್ ಪ್ರತಿಗಳ ಸಮೇತ ವಕೀಲರಿಂದ ಉತ್ತರ ಹೋಗಬೇಕು. ಆ ಯುವಕ ಉತ್ತರ ಕೊಟ್ಟಿರಲಿಲ್ಲ.